ಗೆರೆಯ ಮೇಲಿನ ಗುರುತು

"ಹನ್ನೊಂದು ವರ್ಷ ಆಡಿದೆ ಮೇಡಂ. ನಿನ್ನೆಯೂ ಸೋತೆ. ಇಷ್ಟು ಅಭ್ಯಾಸ ಮಾಡಿ ನನಗೆ ದಕ್ಕಿದ್ದಾದರೂ ಏನು?" ಎಂದು ಶಿಷ್ಯೆ ಕೇಳಿದಳು. ನಾಳೆಯಿಂದ ಬರುವುದಿಲ್ಲ ಎಂದು ಹೇಳಲೆಂದೇ ಅವಳು ಬಂದಿದ್ದಳು.

ಟೆನಿಸ್ ಕಲಿಸುವ ಪ್ರಮೋದಿನಿ ಮೇಡಂ, "ಹೋಗುವವಳು ಹೋಗು, ಯಾರು ಬೇಡ ಅಂದರು? ಒಂದು ಕತೆ ಕೇಳಿಕೊಂಡು ಹೋಗು" ಎಂದರು.

ಒಬ್ಬ ಆಟಗಾರ್ತಿ ಇದ್ದಳು. ಹದಿನೆಂಟು ವರ್ಷ ಊರೂರು ಅಲೆದು ಆಡಿದಳು. ಒಂದು ಕಪ್ ಕೂಡ ಕೈಗೆ ಬಂದಿರಲಿಲ್ಲ. ಮೊಣಕಾಲು ಕೈಕೊಟ್ಟಿತ್ತು. ಇದೇ ಕೊನೆಯ ಪಂದ್ಯಾವಳಿ ಎಂದು ಮನೆಯಲ್ಲಿ ಹೇಳಿ ಬಂದಿದ್ದಳು. ಅಂಥದ್ದರಲ್ಲಿ ಫೈನಲ್ ತಲುಪಿಬಿಟ್ಟಳು! ಎದುರಿಗೆ ಹತ್ತೊಂಬತ್ತರ ಹುಡುಗಿ. ಇವಳು ಗೆಲ್ಲಲು ಇನ್ನೊಂದೇ ಪಾಯಿಂಟ್ ಬೇಕಿತ್ತು.

ಹುಡುಗಿ ಹೊಡೆದ ಚೆಂಡು ಇವಳ ಹಿಂದಿನ ಗೆರೆಯ ಬಳಿ ಬಿತ್ತು. ಇವಳಿಗೆ ಎಟುಕಲಿಲ್ಲ. ಗೆರೆಯಾಚೆ ಬಿತ್ತೆಂದು ಅಂಪೈರ್ "ಔಟ್" ಎಂದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹುಡುಗಿ ತಲೆ ತಗ್ಗಿಸಿ ನೆಟ್ ಕಡೆಗೆ ಹೊರಟಳು.

ಮಣ್ಣಿನ ಅಂಕಣದಲ್ಲಿ ಚೆಂಡು ಬಿದ್ದಲ್ಲಿ ಗುರುತು ಉಳಿಯುತ್ತದೆ. ತನ್ನ ಕಡೆಯ ಗುರುತನ್ನು ಕಾಲಿನಿಂದ ಅಳಿಸಿದರೆ, ಚೆಂಡು ಒಳಗೇ ಬಿದ್ದಿತ್ತೆಂದು ಒಪ್ಪಿದ ಹಾಗೆ. ಪಾಯಿಂಟ್ ಎದುರಾಳಿಗೆ ಹೋಗುತ್ತದೆ. ಇವಳು ಗುರುತಿನ ಹತ್ತಿರ ಹೋದಳು. ಅದು ಗೆರೆಯನ್ನು ಕೂದಲೆಳೆಯಷ್ಟು ಮುಟ್ಟಿತ್ತು; ಗೆರೆ ಮುಟ್ಟಿದರೆ ಚೆಂಡು ಒಳಗೇ. ಬೂಟಿನಿಂದ ಅಳಿಸಿಬಿಟ್ಟಳು.

ಚಪ್ಪಾಳೆ ಗಕ್ಕನೆ ನಿಂತಿತು. ನೆಟ್ ಕಡೆಗೆ ಹೊರಟಿದ್ದ ಹುಡುಗಿ ತನ್ನ ಜಾಗಕ್ಕೆ ಮರಳಿದಳು. ಆಟ ಮುಂದುವರಿಯಿತು, ಇವಳು ಸೋತಳು.

ಕೈ ಕುಲುಕುವಾಗ ಹುಡುಗಿ ಕೇಳಿದಳು, "ಯಾಕಕ್ಕಾ ಅಳಿಸಿದಿರಿ? ಯಾರೂ ಕೇಳಿರಲಿಲ್ಲವಲ್ಲ!"

"ಅಳಿಸಲೋ ಬೇಡವೋ ಅಂತ ಯೋಚಿಸಬೇಕು ಅಂದುಕೊಂಡೆ ಕಣೇ. ಅಷ್ಟರಲ್ಲಿ ಕಾಲು ಅಳಿಸಿಯೇ ಬಿಟ್ಟಿತ್ತು" ಎಂದು ಅವಳು ನಕ್ಕಳು. ಕಣ್ಣು ಮಾತ್ರ ತುಂಬಿತ್ತು. "ಅಂಪೈರ್ ಇಲ್ಲದ ಅಭ್ಯಾಸದ ಆಟಗಳಲ್ಲಿ ದಿನಾ ಅಳಿಸಿ ಅಳಿಸಿ ಹೀಗಾಗಿದೆ, ಏನು ಮಾಡಲಿ ಹೇಳು."

ಮೇಡಂ ಇಷ್ಟಕ್ಕೆ ಕತೆ ಮುಗಿಸಿದರು. ಶಿಷ್ಯೆಗೆ ತಡೆಯಲಾಗಲಿಲ್ಲ. "ಅಬ್ಬಾ! ಇಂಥವರೂ ಇರುತ್ತಾರಾ ಮೇಡಂ? ಮತ್ತೆ ಆ ಕಪ್ ಗೆದ್ದ ಹುಡುಗಿ ಏನಾದಳು?"

"ಕಪ್ ನನ್ನ ಬೀರುವಿನಲ್ಲಿದೆ, ಅಂಥ ಕಾಲು ಮಾತ್ರ ನನಗಿನ್ನೂ ಬಂದಿಲ್ಲ."