ಗಿಣಿ ಬೇಡಿದ ಶುಗರ್

ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ, ಪಂಜರದೊಳಗೇ ಹುಟ್ಟಿ ಬೆಳೆದ ಗಿಣಿಯೊಂದು ಒಂದು ಸಂಜೆ ತಪ್ಪಿಸಿಕೊಂಡು ಕೆರೆದಂಡೆಯ ಆಲದ ಮರಕ್ಕೆ ಬಂತು. ಮೇಲೆ ಗಿಡುಗ ಸುತ್ತುತ್ತಿತ್ತು. ಮರದ ಗಿಣಿಗಳ ಯಜಮಾನ ಅಡ್ಡ ನಿಂತು, "ಯಾರು ನೀನು? ಏನು ಬೇಕು?" ಎಂದು ಕೇಳಿತು.

ಗಿಣಿಗೆ ಹಸಿವಾಗಿತ್ತು. "ಶುಗರ್" ಎಂದುಬಿಟ್ಟಿತು.

"ಇದು ನಮ್ಮ ಮಾತಲ್ಲ, ನೀನು ನಮ್ಮವಳಲ್ಲ. ಹೊರಡು!"

ಗಿಣಿ ಕೊಂಬೆ ಬಿಟ್ಟು ಕದಲಲಿಲ್ಲ. ಆಗ ವರ್ಷ ವರ್ಷವೂ ದೂರದೇಶದಿಂದ ಬರುವ ಮುದಿ ಕೊಕ್ಕರೆ ಕೆರೆಯಂಚಿನಿಂದ ಹೇಳಿತು: "ತಾಳಪ್ಪ ಯಜಮಾನ. ಇಂಗ್ಲಿಷಿಗೆ ಈ ಮಾತು ಬಂದದ್ದು ಫ್ರೆಂಚರ ಸುಕ್ರ್‌ನಿಂದ. ಅದರ ಹಿಂದೆ ಅರಬರ ಸುಕ್ಕರ್ ಇದೆ, ಅದಕ್ಕೂ ಹಿಂದೆ ಪಾರಸಿಯವರ ಶಕರ್. ಆ ಶಕರ್ ಹೊರಟದ್ದು ಈ ನೆಲದ ಸಂಸ್ಕೃತದಿಂದ. ಅಲ್ಲಿ ಅದು ಶರ್ಕರಾ. ಅದನ್ನೇ ನೀವು ಏನೆನ್ನುತ್ತೀರಿ?"

ಯಜಮಾನ ತಡವರಿಸಿತು. "ಸಕ್ಕರೆ."

"ಹಾಗಾದರೆ ಈ ಮಗು ಬೇಡಿದ್ದು ನಿಮ್ಮ ಮನೆಯದನ್ನೇ. ಮಾತು ನಾಲ್ಕಾರು ದೇಶ ಸುತ್ತಿ ಬಂದಿದೆ, ಅಷ್ಟೇ."

ಅಷ್ಟರಲ್ಲಿ ಗಿಡುಗ ಎರಗಿತು. ಯಜಮಾನ ಮತ್ತೇನೂ ಕೇಳದೆ ಗಿಣಿಯ ರೆಕ್ಕೆ ಕಚ್ಚಿ ದಟ್ಟ ಎಲೆಗಳ ಒಳಕ್ಕೆ ಎಳೆದುಕೊಂಡಿತು. ಗಿಡುಗ ಏನೂ ಸಿಗದೆ ಹಾರಿಹೋಯಿತು.

"ನೋವಾಯಿತೇನಮ್ಮಾ?" ಎಂದು ಯಜಮಾನ ಸಂಕೋಚದಿಂದ ಕೇಳಿತು.

"ಇಲ್ಲ" ಎಂದು ಗಿಣಿ ನಿಡಿದಾಗಿ ಉಸಿರು ಬಿಟ್ಟು, ಅದರ ಪಕ್ಕಕ್ಕೆ ಒತ್ತಿ ಕೂತಿತು.