ಎಂದೂ ನಿಲ್ಲದ ಸರ್ವರ್

ಹಾಲಿನ ಸಂಘದ ಕಚೇರಿಯಲ್ಲಿ ಒಂದು ಹಳೆಯ ಲಿನಕ್ಸ್ ಸರ್ವರ್ ಇತ್ತು. ತಯಾರಿಸಿದವರು ಅದರ ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೂ ಅದು ಒಮ್ಮೆಯೂ ನಿಂತಿರಲಿಲ್ಲ. ಆಯುಧಪೂಜೆಯ ದಿನ ಉಳಿದ ಯಂತ್ರಗಳೆಲ್ಲ ರಜೆ ಹಾಕಿದರೆ, ಇದು ಮಾತ್ರ ಚೆಂಡುಹೂವಿನ ಹಾರ ಹಾಕಿಕೊಂಡೇ ಓಡುತ್ತಿತ್ತು.

ಒಮ್ಮೆ ಹೊಸ ಸಾಫ್ಟ್‌ವೇರೊಂದು ಬಂದು, “ಅಜ್ಜಾ, ನಿಮ್ಮ ಕೀರ್ತಿ ಕೇಳಿ ಬಂದೆ. ಒಳಗೆ ಜಾಗ ಕೊಡಿ,” ಎಂದಿತು.

“ಧಾರಾಳವಾಗಿ ಬಾರಪ್ಪ!”

“ಬರುತ್ತೇನೆ. ಆದರೆ ನನಗೆ ಬೇಕಾದ ಕೋಡ್ ಕೊಡುವ ಹೊಸ ಲೈಬ್ರರಿ ಜೊತೆಗಿಲ್ಲದೆ ನಾನು ಕೂರುವವನಲ್ಲ.”

ಲೈಬ್ರರಿ ಬಂತು. ಅದರ ಕೋಡನ್ನು ಯಂತ್ರಭಾಷೆಗೆ ತಿರುಗಿಸಲು ಹೊಸ ಕಂಪೈಲರ್ ಬೇಕಾಯಿತು. ಕಂಪೈಲರ್ ಬಂದು, ಲಿನಕ್ಸಿನ ತಿರುಳಾದ ಹೊಸ ಕರ್ನಲ್‌ಗಾಗಿ ಹಟ ಹಿಡಿಯಿತು. ಬಾಗಿಲಲ್ಲಿ ಮದುವೆ ದಿಬ್ಬಣವೇ ನೆರೆಯಿತು. ಎಲ್ಲರಿಗಿಂತ ಹಿಂದೆ ಬಂದ ಕರ್ನಲ್ ಕೈಮುಗಿದು, “ನಾನು ಒಳಸೇರಬೇಕಾದರೆ ಹಿರಿಯರು ಒಂದೇ ಒಂದು ಸಲ ನಿಂತು, ಮತ್ತೆ ಶುರುವಾಗಬೇಕು,” ಎಂದಿತು.

ಇಷ್ಟು ನೆಂಟರನ್ನು ಕಂಡು ಉಬ್ಬಿಹೋಗಿದ್ದ ಸರ್ವರ್ ಹೂಂ ಎಂದಿತು. ಫ್ಯಾನ್ ನಿಂತಿತು. ದೀಪ ಆರಿತು. ದಿಬ್ಬಣ ಉಸಿರು ಬಿಗಿಹಿಡಿಯಿತು. ಆಮೇಲೆ ಗುರ್ರ್ ಎಂದು ಅಜ್ಜ ಎದ್ದದ್ದೇ ತಡ, ಎಲ್ಲರೂ ಒಳನುಗ್ಗಿ ಕುಣಿದಾಡಿದರು.

“ಅಂದಹಾಗೆ ಮಗು, ನಿನ್ನ ಕೆಲಸವೇನು?” ಎಂದು ಸರ್ವರ್ ಮೊದಲು ಬಂದ ಸಾಫ್ಟ್‌ವೇರನ್ನು ಕೇಳಿತು.

“ಯಾವ ಸರ್ವರ್ ಎಷ್ಟು ಕಾಲದಿಂದ ನಿಲ್ಲದೆ ಓಡುತ್ತಿದೆಯೆಂದು ಊರಿಗೆಲ್ಲ ಸಾರುವುದು!” ಎಂದ ಸಾಫ್ಟ್‌ವೇರ್, ಗಂಟಲು ಸರಿಮಾಡಿಕೊಂಡು ಕೂಗಿತು: “ಕೇಳ್ರಪ್ಪೋ ಕೇಳಿ! ಈ ಸರ್ವರ್ ಈಗ ತಾನೇ ಶುರುವಾಗಿದೆ!”