ಬೆಕ್ಕು ಬಾಲ ಬೀಸಿದಾಗ

ಹಿತ್ತಿಲ ಕಟ್ಟೆಯ ಮೇಲೆ ಬೆಕ್ಕು ಕಿವಿಗಳನ್ನು ಹಿಂದಕ್ಕೆ ಒತ್ತಿ, ಮೈ ಕುಗ್ಗಿಸಿ, ಬಾಲವನ್ನು ಅತ್ತಿತ್ತ ಬೀಸುತ್ತಿತ್ತು. ಅದನ್ನು ಕಂಡ ಹೇಂಟೆ ಮರಿಗಳನ್ನು ಕರೆದುಕೊಂಡು ಮುಳ್ಳುಬೇಲಿಯೊಳಗೆ ನುಗ್ಗಿತು.

“ಎಂಥ ಅಸಭ್ಯತೆ!” ಎಂದಿತು ನಾಯಿ. “ಬಾಲ ಅಲ್ಲಾಡಿಸುವವರು ಸ್ನೇಹಿತರಲ್ಲವೇ? ಮಾತಾಡಿಸದೆ ಓಡುವುದೇ?”

“ಬದುಕಿದ್ದರೆ ಮರ್ಯಾದೆ ನಾಳೆಯೂ ಕೊಡಬಹುದು. ಆ ಕಿವಿ ನೋಡಿದೆಯಾ ಭೈರಣ್ಣ?” ಎಂದು ಹೇಂಟೆ ಬೇಲಿಯೊಳಗಿಂದ ಕೂಗಿತು.

“ಪುಕ್ಕಲು ಕೋಳಿ!” ಎಂದು ನಕ್ಕ ನಾಯಿ, ಬೆಕ್ಕಿನ ಮುಖ ಮೂಸಿ ನಮಸ್ಕಾರ ಹೇಳಲು ಹೋಯಿತು. ಬೆಕ್ಕು ಬುಸ್ಸೆಂದಿತು. “ಓಹೋ, ಹಾಡು ಬೇರೆ!” ಎಂದು ನಾಯಿ ಇನ್ನೂ ಹತ್ತಿರ ಬಾಗಿತು. ಮರುಕ್ಷಣ ಉಗುರುಗಳು ಮೂಗಿನ ಮೇಲೆ ಇಳಿದವು.

ರಕ್ತ ನೆಕ್ಕುತ್ತ ನಾಯಿ ಗೋಳಿಟ್ಟಿತು: “ಹೊಡೆಯುವ ಮೊದಲು ಒಂದು ಮಾತು ಹೇಳಬಾರದಿತ್ತೇ?”

“ಆಗಿನಿಂದ ಹೇಳುತ್ತಲೇ ಇದ್ದೆನಲ್ಲ!” ಎಂದಿತು ಬೆಕ್ಕು. “ಕೋಳಿಗೆ ಕೇಳಿಸಿತು.”